ದೂರದ ಗುರು, ಹತ್ತಿರದ ಕಣ್ಣು

ಕಾಗದ ಬರೆದು ಈಜು ಕಲಿಸಲಾದೀತೇ ಎಂದು ಯಾರಾದರೂ ಕೇಳಿದರೆ ನಾವು ನಕ್ಕುಬಿಡುತ್ತೇವೆ. ಆದರೆ ಕಾಗದ ಬರೆದು ಅಂಗಸಾಧನೆ ಕಲಿಸಿದವರು ನಮ್ಮ ನಾಡಿನಲ್ಲಿಯೇ ಇದ್ದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಓದಿದವರಿಗೆ ಕೆ. ವಿ. ಅಯ್ಯರ್ ಅವರ ಹೆಸರು ಹೊಸದಲ್ಲ. ಹೊಯ್ಸಳ ರಾಣಿಯ ಕಥೆಯನ್ನು ಬರೆದ ಆ ಲೇಖಕರು ವೃತ್ತಿಯಿಂದ ವ್ಯಾಯಾಮಾಚಾರ್ಯರು. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆಯಿತ್ತು. ಅಲ್ಲಿಗೆ ಬರಲಾಗದ ದೂರದ ಊರುಗಳ ತರುಣರಿಗೆ ಅವರು ಅಂಚೆಯ ಮೂಲಕವೇ ವ್ಯಾಯಾಮದ ಪಾಠ ಹೇಳುತ್ತಿದ್ದರು. ಅವರಿಗಿಂತ ಮೊದಲು ಯೂಜಿನ್ ಸ್ಯಾಂಡೋ ಎಂಬ ಜಗತ್ಪ್ರಸಿದ್ಧ ಜಟ್ಟಿಯೂ ಈ ಕ್ರಮವನ್ನು ನಡೆಸಿದ್ದನು. ಶಿಷ್ಯನಾಗಬಯಸುವವನು ತನ್ನ ಮೈಯ ಅಳತೆಗಳನ್ನು ಒಂದು ಪತ್ರದಲ್ಲಿ ತುಂಬಿ ಕಳುಹಿಸಬೇಕು. ಅದಕ್ಕೆ ತಕ್ಕ ಸಾಧನೆಯ ಕ್ರಮ ಮರುಟಪಾಲಿಗೆ ಬರುವುದು.

ಈ ಹಳೆಯ ಮಾತನ್ನು ಮೊದಲಿಗೇ ಎತ್ತಿದುದಕ್ಕೆ ಕಾರಣವಿದೆ. ದೂರದಲ್ಲಿದ್ದುಕೊಂಡು ಮಕ್ಕಳಿಗೆ ವ್ಯಾಯಾಮ ಮಾಡಿಸುವ ಪದ್ಧತಿ ಈಚಿನ ವರ್ಷಗಳಲ್ಲಿ ಎಲ್ಲೆಡೆ ಬಳಕೆಗೆ ಬಂದಿದೆ. ಅಂಚೆಯ ಸ್ಥಾನವನ್ನು ಮೊಬೈಲು ಹಿಡಿದಿದೆ. ಗುರು ಎಲ್ಲಿಯೋ ಒಂದು ಕೋಣೆಯಲ್ಲಿ ನಿಂತು ಕೈಯೆತ್ತುತ್ತಾನೆ. ಮಗು ತನ್ನ ಮನೆಯಲ್ಲಿ ನಿಂತು ಕೈಯೆತ್ತುತ್ತದೆ. ಇದರಿಂದ ಮಕ್ಕಳ ಮೈ ಗಟ್ಟಿಯಾಗುವುದೇ? ಅವರ ರಕ್ತದಲ್ಲಿಯ ಸಕ್ಕರೆ, ಕೊಬ್ಬು ಹದದಲ್ಲಿರುವುವೇ? ಬೀದರ, ಭಾಲ್ಕಿ, ಔರಾದ ಕಡೆಯ ನಮ್ಮ ಮನೆಗಳಿಗೆ ಇದು ಒಗ್ಗುವುದೇ? ಇವನ್ನು ಈ ಹೊತ್ತು ವಿಚಾರ ಮಾಡೋಣ. ನಾನು ವೈದ್ಯನಲ್ಲ, ವ್ಯಾಯಾಮ ಶಿಕ್ಷಕನೂ ಅಲ್ಲ. ಸಂತಪುರದ ಸೀಮೆಯಲ್ಲಿ ಬಹುಕಾಲದಿಂದ ಕನ್ನಡ ಕಲಿಸುತ್ತ ಬಂದವನು. ಆದರೆ ದಿನಕ್ಕೆ ಐದಾರು ತಾಸು ಮಕ್ಕಳ ಎದುರಿಗೆ ನಿಲ್ಲುವವನಿಗೆ ಅವರ ಓದಿನಂತೆ ಅವರ ಮೈಯೂ ಕಣ್ಣಿಗೆ ಬೀಳದೆ ಇರದು.

ಮೊದಲು ಈ ಚಿಂತೆ ಏಕೆ ಹುಟ್ಟಿತೆಂಬುದನ್ನು ನೋಡೋಣ. ಸಕ್ಕರೆ ರೋಗವನ್ನು ನಾವು ಐವತ್ತು ದಾಟಿದವರ ರೋಗವೆಂದು, ಕುಳಿತು ಉಣ್ಣುವ ಸಾಹುಕಾರರ ರೋಗವೆಂದು ಎಣಿಸಿದ್ದೆವು. ಆ ಎಣಿಕೆ ಈಗ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರವು 2016ರಿಂದ 2018ರವರೆಗೆ ಮಕ್ಕಳ ಪೋಷಣೆಯನ್ನು ಕುರಿತು ಇಡೀ ದೇಶದಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಸಿತು. ಹತ್ತರಿಂದ ಹತ್ತೊಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 24 ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದೆ ಬಡಕಲಾಗಿದ್ದರು. ನೂರಕ್ಕೆ 5 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚಾಗಿತ್ತು. ಇನ್ನು ರಕ್ತದಲ್ಲಿ ಸಕ್ಕರೆ ಏರಲು ತೊಡಗಿ, ರೋಗದ ಹೊಸ್ತಿಲಲ್ಲಿ ನಿಂತವರು ಸುಮಾರು ನೂರಕ್ಕೆ 10 ಮಂದಿ. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತೂಕ ಹೆಚ್ಚಿದವರು ಐದು, ಹೊಸ್ತಿಲಲ್ಲಿ ನಿಂತವರು ಹತ್ತು. ದಪ್ಪಗಿರುವ ಮಕ್ಕಳೆಲ್ಲರೂ ಆ ಹತ್ತರಲ್ಲಿ ಸೇರಿದ್ದಾರೆಂದು ಹಿಡಿದರೂ ಉಳಿದ ಅರ್ಧ ಮಂದಿ ದಪ್ಪಗಿಲ್ಲದವರೇ ಆದರಲ್ಲವೆ?

ನಮ್ಮ ಕಡೆಯ ತಂದೆತಾಯಿಗಳಿಗೆ ಮುಖ್ಯವಾಗಿ ಹೇಳಬೇಕಾದ ಮಾತು ಇದೇ. ವ್ಯಾಯಾಮದ ಮಾತೆತ್ತಿದರೆ ಸಾಕು, ಪಾಲಕರೊಬ್ಬರಲ್ಲ ಒಬ್ಬರು ನನಗೆ ಹೇಳುವುದುಂಟು: “ಮಾಸ್ತರೆ, ನಮ್ಮ ಹುಡುಗ ಮೊದಲೇ ಕಡ್ಡಿ ಆಗ್ಯಾನ. ಅವನಿಗಿ ಕಸರತ್ತು ಯಾಕ ಬೇಕ್ರಿ? ಇದ್ದ ಮೈನೂ ಕರಗಿ ಹೋಯ್ತದ.” ಆ ತಂದೆಯ ಮಾತಿನಲ್ಲಿ ಮಗನ ಮೇಲಿನ ಅಕ್ಕರೆಯಿದೆ. ಆದರೆ ಕಡ್ಡಿಯಂತಿರುವ ಮೈಯಲ್ಲಿ ಕೊಬ್ಬಿಲ್ಲವೆಂದು ಹೇಳುವ ಹಾಗಿಲ್ಲ. ಪುಣೆಯ ಕೆ. ಇ. ಎಂ. ಆಸ್ಪತ್ರೆಯ ಡಾಕ್ಟರ್ ಯಾಜ್ಞಿಕರೂ ಅವರ ಸಂಗಡಿಗರೂ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಡನೆ ಹೋಲಿಸಿ ನೋಡಿದರು. ನಮ್ಮ ಕೂಸುಗಳ ಸರಾಸರಿ ತೂಕ 2.7 ಕಿಲೋ, ಅಲ್ಲಿಯವು 3.5 ಕಿಲೋ. ತೂಕ ಕಡಿಮೆಯಾದುದು ಎಲ್ಲಿ? ಬಹುಮಟ್ಟಿಗೆ ಮಾಂಸಖಂಡಗಳಲ್ಲಿ, ಹೊಟ್ಟೆಯೊಳಗಿನ ಅಂಗಗಳಲ್ಲಿ. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ಬಡಕಲು, ಒಳಗೆ ಕೊಬ್ಬು ಹೆಚ್ಚು, ಮಾಂಸ ಕಡಿಮೆ. ಇದು ನಮ್ಮ ದೇಶದ ಮಕ್ಕಳ ಮೈಕಟ್ಟಿನ ಗುಟ್ಟು.

ನಮ್ಮ ಮೈಸೂರಿನಲ್ಲಿಯೂ ಇಂಥದೊಂದು ಶೋಧನೆ ನಡೆದಿದೆ. ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಅವನ್ನು ಬರೆದ ಕೈಗಳಿಗೆ ಮುಂದೆ ಅವುಗಳಿಂದ ಏನು ಪ್ರಯೋಜನವಾದೀತೆಂಬುದು ತಿಳಿದಿರಲಿಕ್ಕಿಲ್ಲ. ಅರವತ್ತು ವರ್ಷಗಳ ಮೇಲೆ ವೈದ್ಯರು ಆ ದಫ್ತರಗಳನ್ನು ತೆರೆದು, ಆ ಕೂಸುಗಳು ಬೆಳೆದು ಹಿರಿಯರಾದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದಯದ ರೋಗ ಹೆಚ್ಚಾಗಿ ಕಂಡಿತು. ಈ ಫಲಿತಾಂಶ ಪ್ರಕಟವಾದುದು 1996ರಲ್ಲಿ. ತಾಯ ಹೊಟ್ಟೆಯಲ್ಲಿದ್ದಾಗಲೇ ಕೊರತೆ ಉಂಡ ಮಗುವು ಮುಂದೆ ಕುಳಿತು ಬೆಳೆದರೆ ಅದರ ಮೈ ಆ ಬದಲಾವಣೆಯನ್ನು ತಾಳಲಾರದು. ಬರಗಾಲ, ಬಡತನ ಕಂಡ ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಮಾತು ಯಾವುದುಂಟು?

ಹುಟ್ಟಿದ ತೂಕವನ್ನು ಈಗ ಬದಲಿಸಲಾಗದು. ಬದಲಿಸಬಹುದಾದುದು ಮಾಂಸಖಂಡ. ಇದರ ಕೆಲಸವನ್ನು ನಮ್ಮ ಒಕ್ಕಲುತನದ ಮಾತಿನಲ್ಲಿ ಹೇಳುತ್ತೇನೆ. ಉಂಡ ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ರಾಶಿಯಾದ ಜೋಳವನ್ನು ಹಗೇವಿಗೆ ತುಂಬುವಂತೆ ಆ ಸಕ್ಕರೆಯನ್ನು ಮೈ ತನ್ನ ಹಗೇವುಗಳಿಗೆ ತುಂಬಬೇಕು. ಅತಿ ದೊಡ್ಡ ಹಗೇವು ಎಂದರೆ ಮಾಂಸಖಂಡಗಳು. ಹಗೇವಿನ ಬಾಯಿಗೆ ಬೀಗವಿದೆ; ಇನ್ಸುಲಿನ್ ಎಂಬ ರಸ ಅದರ ಕೀಲಿಕೈ. ಹಗೇವು ಚಿಕ್ಕದಾಗಿದ್ದು ಬೀಗ ತುಕ್ಕು ಹಿಡಿದಿದ್ದರೆ ಜೋಳ ಅಂಗಳದಲ್ಲಿಯೇ ಉಳಿಯಿತು, ಎಂದರೆ ಸಕ್ಕರೆ ರಕ್ತದಲ್ಲಿಯೇ ಉಳಿಯಿತು. ಮಗು ಓಡಿದಾಗ, ಬಸ್ಕಿ ಹೊಡೆದಾಗ ಒಂದು ವಿಶೇಷ ನಡೆಯುತ್ತದೆ. ದುಡಿಯುವ ಮಾಂಸಖಂಡವು ಕೀಲಿಕೈಗಾಗಿ ಕಾಯದೆ ಬೇರೊಂದು ಬಾಗಿಲನ್ನು ತಾನೇ ತೆರೆದು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೆಯೂ ಬೀಗ ಸಲೀಸಾಗಿ ತೆರೆಯುತ್ತಿರುತ್ತದೆ. ಮೈತೂಕ ಒಂದು ಗುಂಜಿಯಷ್ಟೂ ಇಳಿಯದಿದ್ದರೂ ಈ ಲಾಭ ಉಂಟು. ಆದರೆ ಇದು ನಿಲ್ಲುವುದು ಒಂದೆರಡು ದಿನ ಮಾತ್ರ. ಭಾನುವಾರ ಇಡೀ ದಿನ ಕುಣಿದು ಆರು ದಿನ ಕುಳಿತರೆ ಆಗದು. ಸ್ವಲ್ಪವಾದರೂ ಸರಿ, ದಿನವೂ ಬೇಕು. ದೂರದ ವ್ಯಾಯಾಮ ನಿಲ್ಲುವುದೂ ಬೀಳುವುದೂ ‘ದಿನವೂ’ ಎಂಬ ಈ ಒಂದು ಮಾತಿನ ಮೇಲೆಯೇ. ಇದನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ದಿನಕ್ಕೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನವೊಂದಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು. ವಾರದಲ್ಲಿ ಮೂರು ದಿನವಾದರೂ ಎಲುಬು, ಮಾಂಸಖಂಡಗಳಿಗೆ ಬಲ ಕೊಡುವ ಕೆಲಸವಿರಬೇಕು. ಜಗತ್ತಿನ ಶಾಲಾಮಕ್ಕಳಲ್ಲಿ, ಹನ್ನೊಂದರಿಂದ ಹದಿನೇಳರ ವಯಸ್ಸಿನವರಲ್ಲಿ, ನೂರಕ್ಕೆ 81 ಮಂದಿ ಇಷ್ಟನ್ನು ಮಾಡುತ್ತಿರಲಿಲ್ಲವೆಂದು 2016ರ ಲೆಕ್ಕ ಹೇಳಿತು. ಭಾರತದಲ್ಲಿ ಅದು ಸುಮಾರು 74. ನಮ್ಮವು ಹಳ್ಳಿಯ ಮಕ್ಕಳು, ತಾವಾಗಿಯೇ ಓಡಾಡುತ್ತವೆ ಎನ್ನುವಿರಾ? ಒಂದು ಕಾಲಕ್ಕೆ ಅದು ನಿಜವಾಗಿತ್ತು. ಈಗ ಸುತ್ತಲಿನ ಹಳ್ಳಿ, ತಾಂಡಾಗಳಿಂದ ಶಾಲೆಗೆ ಬರುವವರು ಆಟೋ, ಬಸ್ಸು ಹತ್ತಿ ಬರುತ್ತಾರೆ. ನೀರು ನಲ್ಲಿಗೆ ಬಂದಿದೆ. ಉದ್ದು, ಹೆಸರಿನ ಸುಗ್ಗಿಯಲ್ಲಿ ಹೊಲಕ್ಕೆ ಹೋದರೆ ಹೋದರು. ಉಳಿದ ದಿನಗಳಲ್ಲಿ ಸಂಜೆಯ ಚಿಣ್ಣಿದಾಂಡಿನ ಜಾಗದಲ್ಲಿ ಕೈಯಗಲದ ಪರದೆ ಬಂದು ಕುಳಿತಿದೆ. ತಾಲೀಮಿನ ಮನೆಗಳು ಎಷ್ಟೋ ಊರುಗಳಲ್ಲಿ ಬಾಗಿಲು ಹಾಕಿವೆ.

ಹಾಗಾದರೆ ಆ ಪರದೆಯಿಂದಲೇ ವ್ಯಾಯಾಮ ಮಾಡಿಸೋಣವೆಂಬ ಯೋಚನೆ ಸಹಜವಾದುದೇ. ಆದರೆ ಈ ಕೆಲಸದಲ್ಲಿ ಮೊಬೈಲಿಗಿಂತ ಹಿರಿಯದು ಬಾನುಲಿ. 1925ರಲ್ಲಿ ಅಮೆರಿಕದ ಒಂದು ಜೀವವಿಮಾ ಕಂಪನಿ ಬೆಳಗಿನ ಹೊತ್ತು ಬಾನುಲಿಯಲ್ಲಿ ವ್ಯಾಯಾಮದ ಪಾಠ ಆರಂಭಿಸಿತು. ವಿಮೆ ಮಾಡಿಸಿದವನು ಹೆಚ್ಚು ಕಾಲ ಬದುಕಿದಷ್ಟೂ ಕಂಪನಿಗೆ ಲಾಭವಲ್ಲವೆ! ಅದನ್ನು ಕಂಡು ಜಪಾನಿನ ಅಂಚೆಯ ಜೀವವಿಮಾ ಇಲಾಖೆಯವರು ತಮ್ಮ ದೇಶದಲ್ಲಿಯೂ ಇಂಥದೊಂದು ಬೇಕೆಂದರು. 1928ರ ನವೆಂಬರ್ 1ರಂದು ಟೋಕಿಯೋ ನಗರದಿಂದ ‘ರಾಜಿಯೋ ತೈಸೋ’, ಎಂದರೆ ಬಾನುಲಿ ವ್ಯಾಯಾಮ, ಪ್ರಸಾರವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಕೆಲವು ಕಾಲ ನಿಂತಿದ್ದ ಅದು 1951ರಲ್ಲಿ ಹೊಸ ರೂಪ ತಾಳಿ ಮತ್ತೆ ಆರಂಭವಾಯಿತು, ಇಂದಿಗೂ ನಡೆದಿದೆ. ಪಿಯಾನೋ ವಾದ್ಯದ ಗತಿಗೆ ಹದಿಮೂರು ಚಲನೆಗಳು. ಹಿಡಿಯುವ ಹೊತ್ತು ಮೂರು ನಿಮಿಷದ ಮೇಲೆ ಸ್ವಲ್ಪ. ಚೀನವೂ 1951ರಲ್ಲಿಯೇ ಇಂಥ ಪಾಠವನ್ನು ತನ್ನ ಶಾಲೆ, ಕಾರ್ಖಾನೆಗಳಿಗೆ ಬಾನುಲಿಯಿಂದ ಕೊಟ್ಟಿತು.

ಜಪಾನಿನ ಈ ಕ್ರಮ ಇಷ್ಟು ಕಾಲ ಬಾಳಿದುದು ಹೇಗೆ? ಬಾನುಲಿಯ ದನಿಯೊಂದರಿಂದಲೇ ಅಲ್ಲ. ಅಲ್ಲಿ ಬೇಸಗೆಯ ರಜೆಯಲ್ಲಿ ಓಣಿಯ ಮಕ್ಕಳು ಬೆಳಗಾಗುತ್ತಲೇ ಹತ್ತಿರದ ಬಯಲಿನಲ್ಲಿ ಸೇರುತ್ತಾರೆ. ಪ್ರತಿಯೊಂದು ಮಗುವಿನ ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಒಂದು ಚೀಟಿ. ವ್ಯಾಯಾಮ ಮುಗಿದೊಡನೆ ಓಣಿಯ ಹಿರಿಯರೊಬ್ಬರು ಆ ದಿನದ ಮನೆಯಲ್ಲಿ ಮುದ್ರೆ ಒತ್ತುತ್ತಾರೆ. ಗುರು ದೂರದ ನಿಲಯದಲ್ಲಿದ್ದಾನೆ. ಮುದ್ರೆ ಹಿಡಿದವರು ಹತ್ತಿರದಲ್ಲಿದ್ದಾರೆ. ಕಲಿಸುವ ಕೆಲಸ ದೂರದಿಂದ ಆದೀತು. ‘ಬಂದೆಯಾ ಮಗು, ನಿನ್ನೆ ಏಕೆ ಬರಲಿಲ್ಲ’ ಎಂದು ಕೇಳುವ ಕೆಲಸ ದೂರದಿಂದ ಆಗದು.

2020ನೆಯ ವರ್ಷ ಇದೇ ಮಾತನ್ನು ಮತ್ತೊಮ್ಮೆ ತೋರಿಸಿಕೊಟ್ಟಿತು. ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಇಂಗ್ಲೆಂಡಿನ ಜೋ ವಿಕ್ಸ್ ಎಂಬ ವ್ಯಾಯಾಮ ಶಿಕ್ಷಕ ತನ್ನ ಮನೆಯಿಂದಲೇ ಯೂಟ್ಯೂಬಿನಲ್ಲಿ ಮಕ್ಕಳಿಗೆ ಪಾಠ ತೊಡಗಿದನು. ಮಾರ್ಚ್ 24ರಂದು ಏಕಕಾಲಕ್ಕೆ ಒಂಬತ್ತೂವರೆ ಲಕ್ಷಕ್ಕೂ ಮಿಕ್ಕಿ ಜನ ಅದನ್ನು ನೋಡಿದರೆಂದು ಗಿನ್ನೆಸ್ ದಾಖಲೆಯಾಯಿತು. ಜುಲೈ ಮುಗಿಯುವುದರೊಳಗೆ ಆ ಸಾಲಿನ ಪಾಠ ನಿಂತಿತು. ಅಂದಿನಿಂದ ದೂರದ ವ್ಯಾಯಾಮವನ್ನು ಪರೀಕ್ಷೆಗೆ ಒಡ್ಡಿ ನೋಡಿದವರು ಹಲವರು. ಅವುಗಳಲ್ಲಿ ಹೆಚ್ಚಿನವು ಕೆಲವೇ ವಾರಗಳ, ಕೆಲವೇ ಮಕ್ಕಳ ಪರೀಕ್ಷೆಗಳು. ಫಲವೂ ಎಲ್ಲೆಡೆ ಒಂದೇ ಬಗೆಯಾಗಿಲ್ಲ. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು: ವ್ಯಾಯಾಮ ಮನೆಯಲ್ಲಿ ಮಾಡಿದರೂ ವ್ಯಾಯಾಮವೇ. ಮಾಂಸಖಂಡಕ್ಕೆ ಗುರು ಎಲ್ಲಿದ್ದಾನೆಂಬುದು ಬೇಕಿಲ್ಲ. ಮಾಡದೆ ಬಿಟ್ಟರೆ ಎಷ್ಟು ಚೆಲುವಾದ ಪಾಠವೂ ನಿಷ್ಫಲ.

ಅದೇ ವರ್ಷ ನಮ್ಮ ರಾಜ್ಯದಲ್ಲಿ ನಡೆದುದನ್ನು ನೆನೆಯಿರಿ. ಚಂದನ ದೂರದರ್ಶನದಲ್ಲಿ ಜುಲೈ ತಿಂಗಳಿನಿಂದ ‘ಸೇತುಬಂಧ’ ಪಾಠಗಳು ಬಂದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಅದರಲ್ಲಿ ಮಕ್ಕಳ ಮನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಅಂತರ್ಜಾಲವುಳ್ಳ ಮೊಬೈಲು ಇರುವ ಮನೆ, ಸಾದಾ ಫೋನು ಇರುವ ಮನೆ, ಏನೂ ಇಲ್ಲದ ಮನೆ. ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ, ಸಮುದಾಯ ಭವನಕ್ಕೆ ಹೋಗಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಆ ಮೂರು ಮನೆಗಳ ವಿಂಗಡಣೆ ದೊಡ್ಡ ಪಾಠ. ನಮ್ಮ ಕಡೆ ಇಂದಿಗೂ ಎಷ್ಟೋ ಮನೆಗಳಲ್ಲಿ ಇರುವ ಒಂದೇ ಮೊಬೈಲು ತಂದೆಯ ಜೇಬಿನಲ್ಲಿ ಬೆಳಿಗ್ಗೆ ಹೊರಟು ರಾತ್ರಿ ಮರಳುತ್ತದೆ. ಮೊದಲನೆಯ ಬಗೆಯ ಮನೆಗೆ ಮಾತ್ರ ಹೊಂದುವ ವ್ಯಾಯಾಮದ ಪಾಠ, ಎಲ್ಲರಿಗಿಂತ ಹೆಚ್ಚು ಬೇಕಾದ ಮೂರನೆಯ ಮನೆಯ ಮಗುವನ್ನು ಹೊರಗೇ ನಿಲ್ಲಿಸುತ್ತದೆ.

ಇಲ್ಲಿಯೇ ಬಾನುಲಿಯ ಹೆಚ್ಚಳ. ಪರದೆಯ ಮುಂದೆ ಮಗು ಕತ್ತು ತಿರುಗಿಸಿ ನೋಡುತ್ತಲೇ ಇರಬೇಕು. ನೋಡುವುದೇ ರುಚಿಯಾಗಿ ಮಾಡುವುದು ಹಿಂದೆ ಬೀಳುತ್ತದೆ. ದನಿ ಕಿವಿಗೆ ಬೀಳುತ್ತಿದ್ದರೆ ಕಣ್ಣು, ಕೈ, ಕಾಲುಗಳಿಗೆ ಬಿಡುಗಡೆ. ನಮ್ಮ ರಾಜ್ಯದ ಶಾಲೆಗಳಿಗೆ ಬಂದ ‘ಚಿಣ್ಣರ ಚುಕ್ಕಿ’, ‘ಕೇಳಿ ಕಲಿ’ ಎಂಬ ಬಾನುಲಿ ಪಾಠಗಳ ಕ್ರಮವೇ ಹಾಗಿತ್ತು. ಬಾನುಲಿ ಪ್ರಶ್ನೆ ಕೇಳಿ ಅರೆಗಳಿಗೆ ಸುಮ್ಮನಾಗುವುದು. ಮಕ್ಕಳು ಉತ್ತರಿಸುವರು, ಹಾಡುವರು, ಕುಣಿಯುವರು. ತರಗತಿಯ ಶಿಕ್ಷಕರು ಹತ್ತಿರ ನಿಂತು ನಡೆಸಿಕೊಡುವರು. ವ್ಯಾಯಾಮಕ್ಕೆ ಬೇಕಾದುದು ಎಣಿಕೆ ಮತ್ತು ಲಯ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಗಡಿಯಾಚೆ ತೆಲುಗು ಕೇಳುವ ನಮ್ಮ ಮಕ್ಕಳಿಗೆ ‘ಒಂದು ಎರಡು’ ಎಂದರೂ ತಿಳಿಯುತ್ತದೆ, ‘ಏಕ್ ದೋ’ ಎಂದರೂ ಕಾಲು ಏಳುತ್ತದೆ. ಆಗಸ್ಟ್ 15 ಮತ್ತು ಸೆಪ್ಟೆಂಬರ್ 17ರ ಉತ್ಸವಗಳಲ್ಲಿ ಲೇಜೀಮಿನ ಝಣತ್ಕಾರ ಕೇಳಿದ ಮಗುವಿಗೆ ಲಯವನ್ನು ಬೇರೆಯಾಗಿ ಕಲಿಸಬೇಕೇ? ಇನ್ನು ಸಾದಾ ಫೋನಿದ್ದರೂ ಸಾಕು. ಅದರ ದನಿಯನ್ನು ದೊಡ್ಡದು ಮಾಡಿ ಕಟ್ಟೆಯ ಮೇಲಿಟ್ಟರೆ ಆಚೆಯಿಂದ ಒಬ್ಬ ಶಿಕ್ಷಕರು ಹೇಳುವ ಎಣಿಕೆಗೆ ಐದು ಮನೆಗಳ ಮಕ್ಕಳು ಕೂಡಿ ಕೈಯೆತ್ತಬಹುದು.

ಜಾಗವೆಷ್ಟು ಬೇಕು? ಪಂಡಿತನ ಚಪಲಕ್ಕೆ ಒಂದು ಮಾತು ಹೇಳುತ್ತೇನೆ, ಮನ್ನಿಸಿರಿ. ವ್ಯಾಯಾಮವೆಂಬ ಶಬ್ದದ ಬೇರಿನಲ್ಲಿಯೇ ಚಾಚುವುದು, ಹಿಗ್ಗಿಸುವುದು ಎಂಬ ಅರ್ಥವಿದೆ. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿದಾಗ ಆಗುವ ಅಳತೆಗೂ ಸಂಸ್ಕೃತದಲ್ಲಿ ಆ ಶಬ್ದವನ್ನು ಬಳಸಿದ್ದಾರೆ. ಕನ್ನಡದಲ್ಲಿ ಅದೇ ‘ಮಾರು’. ಆದುದರಿಂದ ಉದ್ದ ಅಗಲ ಒಂದೊಂದು ಮಾರು ಜಾಗವಿದ್ದರೆ ಸಾಕು. ಪಡಸಾಲೆಯಾದರೂ ಆಯಿತು, ಮಾಳಿಗೆಯಾದರೂ ಆಯಿತು. ಬೆಳಿಗ್ಗೆ 20 ನಿಮಿಷ. ಮೊದಲು ಮೂರು ನಿಮಿಷ ನಿಂತಲ್ಲಿಯೇ ನಡಿಗೆ, ಅನಂತರ ಓಟ. ಆಮೇಲೆ ಹತ್ತು ಬಸ್ಕಿ. ಗೋಡೆಗೆ ಅಂಗೈ ಊರಿ ಹತ್ತು ದಂಡ. ಬಲ ಬಂದಂತೆ ಕಟ್ಟೆಗೆ, ಬಳಿಕ ನೆಲಕ್ಕೆ. ಒಂದೊಂದು ಕಾಲಿನಲ್ಲಿ ಕುಂಟಾಟ. ಹಗ್ಗದ ಜಿಗಿತ. ಬರುವವರಿಗೆ ನಾಲ್ಕಾರು ಸೂರ್ಯನಮಸ್ಕಾರ. ನಡುವೆ ಸ್ವಲ್ಪ ಸುಧಾರಿಸಿಕೊಂಡು ಇವನ್ನೇ ಇನ್ನೊಂದು ಸುತ್ತು. ಕೊನೆಗೆ ಬಾಗುವುದು, ಚಾಚುವುದು. ಶಾಲೆಯ ಬಿಡುವಿನಲ್ಲಿ 20 ನಿಮಿಷ, ಸಂಜೆ ಕಬಡ್ಡಿ, ಖೋ ಖೋ, ಲಗೋರಿಯಲ್ಲಿ 20 ನಿಮಿಷ ಸೇರಿದರೆ ಆ 60 ನಿಮಿಷ ಪೂರೈಸಿತು. ಒಂದೇ ಸಲಕ್ಕೆ ಆಗಬೇಕೆಂದಿಲ್ಲ.

ಎಷ್ಟು ಜೋರಾಗಿರಬೇಕೆಂಬುದಕ್ಕೆ ಯಂತ್ರ ಬೇಡ. ಮಾಡುತ್ತಿರುವಾಗ ಮಗುವಿಗೆ ಮಾತಾಡಲು ಬಂದು ಹಾಡಲು ಬಾರದಿದ್ದರೆ ಹದ ಸರಿಯಿದೆ. ಎರಡು ಮಾತಿಗೇ ಉಸಿರು ಕಟ್ಟಿದರೆ ಜೋರಾಯಿತು. ಅದೂ ಆಗಾಗ ಬೇಕು, ಆದರೆ ಮೊದಲ ದಿನವಲ್ಲ. ನಮ್ಮ ಆಯುರ್ವೇದದ ಹಿರಿಯರು ತನ್ನ ಬಲದ ಅರ್ಧದಷ್ಟು ವ್ಯಾಯಾಮ ಮಾಡಬೇಕೆಂದರು. ಸುಶ್ರುತ ಸಂಹಿತೆಯು ಸಕ್ಕರೆ ರೋಗವನ್ನೂ ಒಳಗೊಳ್ಳುವ ಪ್ರಮೇಹಕ್ಕೆ ನಡಿಗೆಯನ್ನು, ಮೈಮುರಿದು ದುಡಿಯುವುದನ್ನು ಚಿಕಿತ್ಸೆಯಾಗಿಯೇ ಹೇಳಿದೆ. ಹೊಸ ವಿಜ್ಞಾನದ ಮಾತು ಹಳೆಯ ಮಾತಿಗೆ ಇಷ್ಟು ಹತ್ತಿರ ಬಂದಿರುವುದನ್ನು ಕಂಡು ಯಾರಿಗೆ ತಾನೆ ಸಂತೋಷವಾಗದು?

ಇನ್ನು ಹತ್ತಿರದ ಕಣ್ಣಿನ ಮಾತು. ಮನೆಯಲ್ಲಿ ಮುತ್ಯಾ ಇದ್ದಾರೆ, ಆಯಿ ಇದ್ದಾರೆ. ಅವರಿಗೆ ದಂಡ ಬಸ್ಕಿ ಬರಬೇಕಾಗಿಲ್ಲ. ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಕಟ್ಟೆಯ ಮೇಲೆ ಬಂದು ಕುಳಿತರೆ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ತಾರೀಖಿನ ಮೇಲೆ ಕುಂಕುಮದ ಬೊಟ್ಟೋ, ಪೆನ್ಸಿಲಿನ ಗೆರೆಯೋ ಹಾಕಲಿ. ಜಪಾನಿನ ಮುದ್ರೆಯ ಕೆಲಸವನ್ನು ನಮ್ಮ ಆಯಿಯ ಬೆರಳು ಮಾಡಲಾರದೇ? ತಪ್ಪಿದ ದಿನಕ್ಕೆ ಬೈಗುಳ ಬೇಡ. ಖಾಲಿ ಮನೆಯೇ ಮಾತಾಡುತ್ತದೆ. ತಿಂಗಳಿಗೊಮ್ಮೆ ಶಾಲೆಯಲ್ಲಿ ಆ ಹಾಳೆಯನ್ನು ಶಿಕ್ಷಕರು ನೋಡಬೇಕು. ಆಗ ದೂರದ ಗುರು, ಮನೆಯ ಹಿರಿಯರು, ಶಾಲೆ, ಈ ಮೂವರೂ ಒಂದೇ ಸರಪಳಿಯಲ್ಲಿ ಸೇರಿದಂತಾಯಿತು.

ಫಲವನ್ನು ಅಳೆಯುವ ಬಗೆಯೂ ಸುಲಭವಾದುದೇ. 2019ರ ಆಗಸ್ಟ್ 29ರಂದು ಆರಂಭವಾದ ಫಿಟ್ ಇಂಡಿಯಾ ಚಳವಳಿಯವರೂ ಖೇಲೋ ಇಂಡಿಯಾದವರೂ ಶಾಲಾಮಕ್ಕಳಿಗಾಗಿ ಕೆಲವು ಪರೀಕ್ಷೆಗಳನ್ನು ಗೊತ್ತುಮಾಡಿದ್ದಾರೆ. ಅವುಗಳಲ್ಲಿ ದೊಡ್ಡ ಮಕ್ಕಳಿಗೆ 600 ಮೀಟರ್ ಓಟ ಒಂದು. ಜೂನಿನಲ್ಲಿ ಓಡಿಸಿ ಹೊತ್ತನ್ನು ಬರೆದಿಟ್ಟು ದಸರೆಯ ಹೊತ್ತಿಗೆ ಮತ್ತೆ ಓಡಿಸಿದರೆ ಮಗು ತನ್ನೊಡನೆ ತಾನೇ ಸ್ಪರ್ಧಿಸಿದಂತೆ. ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಮಗುವಿನ ಎತ್ತರದಷ್ಟು ಒಂದು ದಾರ ತೆಗೆದುಕೊಂಡು ನಡುವಿಗೆ ಮಡಿಸಿರಿ. ಮಡಿಸಿದ ಆ ದಾರ ಹೊಟ್ಟೆಯ ಸುತ್ತ ತಲಪಬೇಕು. ತಲಪದಿದ್ದರೆ ಕೈಕಾಲು ಕಡ್ಡಿಯಾಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುತ್ತಿದೆಯೆಂದು ಶಂಕಿಸಿ ವೈದ್ಯರಿಗೆ ತೋರಿಸಿರಿ. ಆದರೆ ಈ ದಾರವನ್ನು ನಾಲ್ಕು ಜನರ ಎದುರಿನಲ್ಲಿ ಹಿಡಿಯಬೇಡಿ. ‘ಡೊಳ್ಳು ಹೊಟ್ಟೆ’ ಎಂದು ನಗೆಯಾಡಿದ ಮನೆಯಲ್ಲಿ ಯಾವ ಮಗುವೂ ಮನಸಾರೆ ಕುಣಿಯುವುದಿಲ್ಲ.

ಉಣ್ಣದ ಮಗುವಿಗೆ ವ್ಯಾಯಾಮ ಹೇಳುವುದು ಎಣ್ಣೆಯಿಲ್ಲದ ದೀಪಕ್ಕೆ ಬತ್ತಿ ಏರಿಸಿದಂತೆ. ಮಾಂಸಖಂಡ ಬೆಳೆಯಬೇಕಾದರೆ ಬೇಳೆ, ಕಾಳು, ಹಾಲು, ಮೊಟ್ಟೆಗಳು ಬೇಕು. ನಮ್ಮ ಜಿಲ್ಲೆ ಉದ್ದು, ಹೆಸರು, ತೊಗರಿ ಬೆಳೆಯುವ ಜಿಲ್ಲೆ. ಮಾರಿದ ಮೇಲೆ ಮನೆಯ ಡಬ್ಬಿಯಲ್ಲಿಯೂ ಸ್ವಲ್ಪ ಉಳಿಯಲಿ. ಶಾಲೆಯ ಬಿಸಿಯೂಟ 2002ರಲ್ಲಿ ಮೊದಲು ಬಂದುದು ನಮ್ಮ ಈಶಾನ್ಯ ಜಿಲ್ಲೆಗಳಿಗೇ; ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆಯೂ 2021ರ ಡಿಸೆಂಬರಿನಲ್ಲಿ ಬೀದರ ಸೇರಿದ ಕೆಲವು ಜಿಲ್ಲೆಗಳಲ್ಲಿ ಮೊದಲಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇತ್ತು. ಇವನ್ನು ಮಗು ಉಂಡಿತೇ ಎಂದು ದಿನವೂ ಕೇಳುವುದೂ ವ್ಯಾಯಾಮದ ಒಂದು ಭಾಗವೇ. ಜ್ವರವಿದ್ದಾಗ, ಎದೆನೋವು ತಲೆಸುತ್ತು ಬಂದಾಗ ನಿಲ್ಲಿಸಬೇಕು. ಉಬ್ಬಸ, ಹೃದಯದ ತೊಂದರೆ ಇರುವ ಮಕ್ಕಳು ಮೊದಲು ವೈದ್ಯರನ್ನು ಕೇಳಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹೊತ್ತು ಏರುವುದರೊಳಗೆ ಮುಗಿಸಬೇಕು. ಕಣ್ಣಿನ ಅಡಿ, ಉಗುರು ಬಿಳಿಚಿಕೊಂಡ ಮಗುವಿಗೆ ರಕ್ತ ಕಡಿಮೆಯಿರಬಹುದು. ಅದಕ್ಕೆ ಮೊದಲು ಮದ್ದು ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡು ಮಾತು. ದೂರದ ವ್ಯಾಯಾಮದಿಂದ ಯಾರಿಗಾದರೂ ಹೆಚ್ಚಿನ ಉಪಕಾರವಾಗುವುದಾದರೆ ಅದು ಅವರಿಗೇ. ಬಯಲಿನಲ್ಲಿ ಹುಡುಗರ ಕಬಡ್ಡಿ ನಡೆಯುತ್ತದೆ. ಮೈನೆರೆದ ಹುಡುಗಿ ಕಿಟಕಿಯಿಂದ ನೋಡುತ್ತಾಳೆ. ಒಬ್ಬ ತಾಯಿ ನನ್ನೆದುರಿಗೆ, “ಸರ, ಹೆಣ್ಣುಡುಗಿ ಅಂಗಳದಾಗ ಜಿಗಿದ್ರ ಮಂದಿ ಏನಂದಾರು?” ಎಂದರು. “ತಾಯಿ, ಪಡಸಾಲ್ಯಾಗ ಜಿಗೀಲಿ. ಅಲ್ಲಿ ಮಂದಿ ಇಲ್ಲ, ನೀವು ಇದ್ದೀರಿ” ಎಂದೆ. ನಾಳೆ ತಾಯಿಯಾಗುವವಳು ಇವಳೇ. ಮೈಸೂರಿನ, ಪುಣೆಯ ಶೋಧನೆಗಳು ಹೇಳುವುದು ಅದನ್ನೇ: ತಾಯ ಮೈಯ ಬಲವೇ ಮುಂದಿನ ಮಗುವಿನ ಬಂಡವಾಳ. ಹುಡುಗಿಯ ಹತ್ತು ಬಸ್ಕಿಗಳನ್ನು ಒಂದು ತಲೆಮಾರಿನ ಲೆಕ್ಕದಲ್ಲಿ ಬರೆಯಬಾರದು, ಎರಡು ತಲೆಮಾರಿನ ಲೆಕ್ಕದಲ್ಲಿ ಬರೆಯಬೇಕು.

ಕೊನೆಗೆ, ಓದು ಕೆಡುವುದೆಂಬ ಭಯ. ಹತ್ತನೆಯ ತರಗತಿಯ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಭಾಗ ಹಿಂದೆ ಬಿದ್ದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಆಟದ ಅವಧಿಗೆ. ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟರೆ ಗಣಿತ ಬರುವುದೆಂದು ಹೇಳಲಾಗದು. ಮಗುವಿಗೆ ತೂಕಡಿಕೆ ಬರುವುದಂತೂ ಖಂಡಿತ. ದೂರದ ವ್ಯಾಯಾಮ ಬಂದಿತೆಂದು ಶಾಲೆಯ ಬಯಲನ್ನು, ಶಾಲೆಯ ವ್ಯಾಯಾಮ ಶಿಕ್ಷಕರನ್ನು ಬಿಟ್ಟುಕೊಡುವುದೂ ತರವಲ್ಲ. ಬಾನುಲಿ, ಮೊಬೈಲುಗಳು ಬಯಲಿಗೆ ಬದಲಾಗಲಾರವು. ಬಯಲು ಸಿಗದ ಹೊತ್ತಿಗೆ ಆಸರೆಯಾಗಬಲ್ಲವು. ಮಳೆಗಾಲದ ದಿನ, ರಜೆಯ ದಿನ, ಶಿಕ್ಷಕರಿಲ್ಲದ ಊರು, ಹೊರಗೆ ಬರಲಾಗದ ಹುಡುಗಿ, ಇವರೆಲ್ಲರಿಗೂ ದೂರದ ಆ ದನಿ ತಲಪುತ್ತದೆ.

ಕೇಳುಗ ಬಂಧುಗಳೇ, ನಿಮ್ಮ ಮನೆಯಲ್ಲಿ ಬಾನುಲಿ ಉಂಟು, ಹಲವರಲ್ಲಿ ಮೊಬೈಲೂ ಉಂಟು. ಒಂದು ಮಾರು ಜಾಗವೂ ಉಂಟು. ಇವಿಷ್ಟೂ ಇರುವ ಮನೆಯಲ್ಲಿ ಕೊರತೆಯಾಗುವುದು ಕುಳಿತು ನೋಡುವ ಒಬ್ಬರದು ಮಾತ್ರ. ಆ ಒಬ್ಬರು ನೀವಾಗಿರಿ. ನಾಳೆ ಬೆಳಿಗ್ಗೆ ನಿಮ್ಮ ಮಗುವನ್ನೂ, ಸಾಧ್ಯವಾದರೆ ನೆರೆಮನೆಯ ಫೋನಿಲ್ಲದ ಮಗುವನ್ನೂ ಕರೆದು ನಿಲ್ಲಿಸಿರಿ. ಎಣಿಕೆ ಎಲ್ಲಿಂದಾದರೂ ಬರಲಿ. ಬೊಟ್ಟು ಇಡುವ ಬೆರಳು ನಿಮ್ಮದಾಗಲಿ.